ಕುಂಡಕ್ಕೆ ಯಾವ ಹೂಗಿಡ? ಗುಲಾಬಿ, ದಾಸವಾಳ, ಮಲ್ಲಿಗೆ, ಸೇವಂತಿಗೆ, ಡೇರೆ (ಡೇಲಿಯಾ): ಬಿಸಿಲು ನೋಡಿ ಆರಿಸುವ ಬಗೆ

ನರ್ಸರಿಯಲ್ಲಿ ಮುಂದಿನ ಸಾಲಿನಲ್ಲಿರುವ ಗಿಡಗಳೆಲ್ಲ ಹೂ ಬಿಟ್ಟೇ ನಿಂತಿರುತ್ತವೆ. ಹಾಗಾಗಿ ಹೋದವರು ಬಣ್ಣ ನೋಡಿ ಆರಿಸುತ್ತಾರೆ. ಮನೆಗೆ ತಂದ ಎರಡು ತಿಂಗಳಿಗೆ ಗಿಡ ಬರೀ ಎಲೆ, ಇಲ್ಲವೇ ಬರೀ ಕಡ್ಡಿ. ಗೊಬ್ಬರ ಸಾಲದೇನೋ ಎಂದು ಒಂದಿಷ್ಟು ಗೊಬ್ಬರ, ನೀರು ಸಾಲದೇನೋ ಎಂದು ಇನ್ನಷ್ಟು ನೀರು ಹಾಕುತ್ತಾರೆ. ಬಹಳ ಸಲ ಕೊರತೆ ಇರುವುದು ಎರಡರದ್ದೂ ಅಲ್ಲ, ಬಿಸಿಲಿನದು. ಅದರಲ್ಲೂ ಆ ಗಿಡ ಮೊಗ್ಗು ಕಟ್ಟುವ ತಿಂಗಳಲ್ಲಿ ಸಿಗಬೇಕಿದ್ದ ಬಿಸಿಲಿನದು. ಆದ್ದರಿಂದ ಇಲ್ಲಿನ ಹೋಲಿಕೆ ಶುರುವಾಗುವುದು ಹೂವಿನಿಂದಲ್ಲ, ನಿಮ್ಮ ಮನೆಯ ದಿಕ್ಕಿನಿಂದ.

ಯಾವ ದಿಕ್ಕಿಗೆ ಯಾವ ತಿಂಗಳು ಬಿಸಿಲು

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ಉಳಿದ ಎಂಟು ತಿಂಗಳು ದಕ್ಷಿಣಕ್ಕೆ. ಮೈಸೂರು, ಮಂಗಳೂರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಕಲಬುರಗಿ, ಬೀದರ್ ಕಡೆ ಉತ್ತರಕ್ಕೆ ವಾಲುವ ಅವಧಿ ಸ್ವಲ್ಪ ಕಡಿಮೆ.

ಇದರಿಂದ ಬಾಲ್ಕನಿಯಲ್ಲಿ ಏನಾಗುತ್ತದೆ ನೋಡಿ. ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಒಳಗಿನ ಗೋಡೆ ಮುಟ್ಟುವಷ್ಟು ಬಿಸಿಲು ಬರುತ್ತದೆ. ಡಿಸೆಂಬರ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ 53 ಡಿಗ್ರಿಯಷ್ಟೇ ಮೇಲಿರುತ್ತಾನೆ. ಅದೇ ಬಾಲ್ಕನಿಗೆ ಜೂನ್‌ನಲ್ಲಿ ನೇರ ಬಿಸಿಲು ಬೀಳುವುದೇ ಇಲ್ಲ. ಉತ್ತರದ ಬಾಲ್ಕನಿಯದು ಇದಕ್ಕೆ ಪೂರಾ ತಿರುವುಮುರುವು: ಮೇ, ಜೂನ್, ಜುಲೈನಲ್ಲಿ ಬಿಸಿಲು, ಚಳಿಗಾಲದಲ್ಲಿ ಒಂದು ಗಳಿಗೆಯೂ ಇಲ್ಲ. ಪೂರ್ವಕ್ಕೆ ವರ್ಷವಿಡೀ ಬೆಳಗಿನ ನಾಲ್ಕು ಗಂಟೆ ಸಿಗುತ್ತದೆ. ಪಶ್ಚಿಮಕ್ಕೂ ಅಷ್ಟೇ ಹೊತ್ತು ಸಿಕ್ಕೀತು, ಆದರೆ ಅದು ಕಾದ ಗೋಡೆಯ ಜೊತೆ ಸೇರಿದ ಬಿಸಿಲು, ಬೇಸಿಗೆಯಲ್ಲಿ ಕುಂಡದ ಬೇರನ್ನೇ ಬೇಯಿಸುತ್ತದೆ.

ಅಂದರೆ ಮಾರ್ಚ್‌ನಿಂದ ಜೂನ್‌ವರೆಗೆ ಹೂ ಬಿಡುವ ಮಲ್ಲಿಗೆಯನ್ನು ದಕ್ಷಿಣದ ಬಾಲ್ಕನಿಯಲ್ಲಿಟ್ಟರೆ ಅದಕ್ಕೆ ಬೇಕಾದ ಹೊತ್ತಿಗೇ ನೆರಳು. ಅದೇ ಜಾಗ ಸೆಪ್ಟೆಂಬರ್‌ನಿಂದ ಮೊಗ್ಗು ಕಟ್ಟುವ ಸೇವಂತಿಗೆಗೆ ಹೇಳಿ ಮಾಡಿಸಿದ್ದು. ಉತ್ತರದ ಬಾಲ್ಕನಿಯಲ್ಲಿ ಸೇವಂತಿಗೆ ಜುಲೈ, ಆಗಸ್ಟ್‌ನಲ್ಲಿ ಚೆನ್ನಾಗಿ ಬೆಳೆದು ಹೂ ಬಿಡುವ ಸಮಯಕ್ಕೆ ಸೊರಗುತ್ತದೆ. "ಹೋದ ವರ್ಷ ಎಷ್ಟು ಚೆನ್ನಾಗಿ ಬಂದಿತ್ತು, ಜಾಗ ಬದಲಾಯಿಸಿದ ಮೇಲೆ ಕೆಟ್ಟಿತು" ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಅಳೆಯುವುದು ಸುಲಭ. ರಜೆಯ ದಿನ ಬೆಳಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ಕುಂಡ ಇಡಬೇಕೆಂದಿರುವ ಜಾಗದ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಅಂಚು ಕೊಯ್ದ ಹಾಗೆ ಸ್ಪಷ್ಟವಾಗಿ ಬಿದ್ದರೆ ಅದು ನೇರ ಬಿಸಿಲು. ಮಸುಕಾಗಿ ಬಿದ್ದರೆ ಬರೀ ಬೆಳಕು, ಅದು ಲೆಕ್ಕಕ್ಕಿಲ್ಲ. ಆರು ಗಂಟೆ ನೇರ ಬಿಸಿಲಿದ್ದರೆ ಇಲ್ಲಿ ಹೇಳುವ ಯಾವ ಗಿಡವನ್ನಾದರೂ ಬೆಳೆಸಬಹುದು. ನಾಲ್ಕು ಗಂಟೆ ಇದ್ದರೆ ನಾಟಿ ದಾಸವಾಳ. ಮೂರಕ್ಕಿಂತ ಕಡಿಮೆ ಇದ್ದರೆ ಈ ಐದನ್ನೂ ಮರೆತುಬಿಡಿ. ಬಿಗೋನಿಯಾ, ಪೀಸ್ ಲಿಲಿ, ಆಂಥೂರಿಯಂ ಕಡೆ ನೋಡಿ. ಗುಲಾಬಿಯನ್ನು ನೆರಳಿನಲ್ಲಿ ಗೊಬ್ಬರದ ಬಲದಿಂದ ಅರಳಿಸಿದವರಿಲ್ಲ.

ಗುಲಾಬಿಯೋ, ದಾಸವಾಳವೋ

ವರ್ಷವಿಡೀ ಹೂ ಬೇಕು ಎನ್ನುವವರ ಮುಂದೆ ಬರುವುದು ಈ ಎರಡು. ಕುಂಡ ಎರಡಕ್ಕೂ ಒಂದೇ ಅಳತೆ, 12ರಿಂದ 14 ಇಂಚಿನದು. ನೀರಿನಲ್ಲೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಕತ್ತರಿ ಹಿಡಿಯುವ ಕೈಯಲ್ಲಿ. ವಾರಕ್ಕೆ ಎರಡು ಸಲವಾದರೂ ಗಿಡದ ಹತ್ತಿರ ಹೋಗಿ ಎಲೆಯ ಅಡಿ ನೋಡುವ ಅಭ್ಯಾಸವಿಲ್ಲದವರಿಗೆ ಗುಲಾಬಿ ಬೇಡ. ದಾಸವಾಳ ಒಂದು ತಿಂಗಳ ಉದಾಸೀನವನ್ನು ಸಹಿಸುತ್ತದೆ, ಗುಲಾಬಿ ಹತ್ತು ದಿನವೂ ಸಹಿಸುವುದಿಲ್ಲ.

ಇನ್ನೊಂದು, ಹೂವಿನ ಆಯುಸ್ಸು. ದಾಸವಾಳ ಬೆಳಗ್ಗೆ ಅರಳಿ ಸಂಜೆಗೆ ಮುದುಡುತ್ತದೆ. ದೇವರ ಮನೆಗೆ ದಿನಾ ಒಂದೆರಡು ಹೂ ಬೇಕೆನ್ನುವವರಿಗೆ ಇದು ಸರಿ. ಗುಲಾಬಿ ಗಿಡದ ಮೇಲೇ ಐದಾರು ದಿನ ನಿಲ್ಲುತ್ತದೆ, ಆದರೆ ಒಂದು ಸುತ್ತು ಹೂ ಮುಗಿದ ಮೇಲೆ ಮುಂದಿನ ಸುತ್ತಿಗೆ ಆರೇಳು ವಾರ ಕಾಯಬೇಕು.

ಗುಲಾಬಿ ಕೊಳ್ಳುವಾಗ ಹೂ ಬಿಟ್ಟು ಬುಡ ನೋಡಿ. ನರ್ಸರಿಯ ಗುಲಾಬಿಗಳು ಬಹುಪಾಲು ಕಣ್ಣು ಕಸಿ ಮಾಡಿದವು, ಅಂದರೆ ಕಾಡುಗುಲಾಬಿಯ ಬುಡಕ್ಕೆ ಒಳ್ಳೆಯ ತಳಿಯ ಚಿಗುರುಕಣ್ಣು ಕೂರಿಸಿದವು. ಕಾಂಡದ ಬುಡದಲ್ಲಿ ಒಂದು ಗಂಟು ಕಾಣುತ್ತದೆ. ಆ ಗಂಟಿನ ಮೇಲಿನಿಂದ ಪೆನ್ಸಿಲ್ ದಪ್ಪದ ಎರಡು ಮೂರು ಕೊಂಬೆ ಬಂದಿದ್ದರೆ ಒಳ್ಳೆಯ ಗಿಡ. ಒಂದೇ ಸಣಕಲು ಕೊಂಬೆಯ ತುದಿಯಲ್ಲಿ ದೊಡ್ಡ ಹೂ ಇದ್ದರೆ ಬಿಟ್ಟುಬಿಡಿ. ನೆಡುವಾಗ ಕಸಿ ಗಂಟು ಮಣ್ಣಿನಿಂದ ಒಂದಿಂಚು ಮೇಲಿರಲಿ. ಹೂತುಹೋದರೆ ಮಳೆಗಾಲದಲ್ಲಿ ಅಲ್ಲೇ ಕೊಳೆಯುತ್ತದೆ. ಗಂಟಿನ ಕೆಳಗಿನಿಂದ ಸರ್ರನೆ ಎದ್ದು ಬರುವ ಉದ್ದ ಚಿಗುರು ಕಾಡುಗುಲಾಬಿಯದು. ಏಳೆಲೆ ಇದ್ದರೆ ಕಾಡು, ಐದೆಲೆ ಇದ್ದರೆ ಒಳ್ಳೆಯದು ಎನ್ನುವ ಮಾತನ್ನು ನಂಬಬೇಡಿ, ಎಷ್ಟೋ ಒಳ್ಳೆಯ ತಳಿಗಳಲ್ಲೂ ಏಳೆಲೆ ಬರುತ್ತದೆ. ಚಿಗುರು ಎಲ್ಲಿಂದ ಹೊರಟಿದೆ ಎಂದು ಮಣ್ಣು ಕೆದಕಿ ನೋಡುವುದೇ ಸರಿ. ಕೆಳಗಿನದಾದರೆ ಕತ್ತರಿಸದೆ ಬುಡಸಮೇತ ಕಿತ್ತುಹಾಕಿ. ಕತ್ತರಿಸಿದರೆ ಅಲ್ಲೇ ಮತ್ತೆರಡು ಹುಟ್ಟುತ್ತವೆ. ಅದನ್ನು ಬಿಟ್ಟರೆ ಒಂದು ವರ್ಷದಲ್ಲಿ ಮೇಲಿನ ಗಿಡ ಸತ್ತು, ಉಳಿದದ್ದು ಮುಳ್ಳಿನ ಪೊದೆ.

ಬಾಡಿದ ಹೂವನ್ನು ತೊಟ್ಟಿಗೆ ಚಿವುಟಿದರೆ ಸಾಲದು. ಹೂವಿನಿಂದ ಕೆಳಗೆ ಬರುತ್ತ, ಐದು ಎಲೆ ಸೇರಿದ ಮೊದಲ ಎಲೆಗೊಂಚಲು ಹುಡುಕಿ, ಅದು ಗಿಡದಿಂದ ಹೊರಗೆ ಮುಖ ಮಾಡಿದ್ದರೆ ಅದರ ಕಂಕುಳಿಗಿಂತ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಮುಂದಿನ ಹೂ ಬರುವುದು ಆ ಕಣ್ಣಿನಿಂದ. ವರ್ಷಕ್ಕೊಮ್ಮೆ ದೊಡ್ಡ ಸವರುವಿಕೆ ಮಳೆ ನಿಂತ ಮೇಲೆ, ಬೆಂಗಳೂರು ಮೈಸೂರು ಕಡೆ ಅಕ್ಟೋಬರ್‌ನಲ್ಲಿ. ದೊಡ್ಡ ಹೂವಿನ ಹೈಬ್ರಿಡ್ ಟೀ ಗಿಡವನ್ನು ಅರ್ಧದಷ್ಟು ಇಳಿಸಬಹುದು. ಗೊಂಚಲು ಹೂವಿನ ಫ್ಲೋರಿಬಂಡಾವನ್ನೂ ನಾಟಿ ಗುಲಾಬಿಯನ್ನೂ ಮೂರರಲ್ಲಿ ಒಂದು ಪಾಲು ಮಾತ್ರ. ಸವರಿದ 45ರಿಂದ 50 ದಿನಕ್ಕೆ ಹೂ. ಗಣರಾಜ್ಯೋತ್ಸವದ ಹೊತ್ತಿಗೆ ಗಿಡ ತುಂಬ ಹೂ ಬೇಕಿದ್ದರೆ ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಮ್ಮೆ ಹಗುರಾಗಿ ಸವರಿ.

ಗುಲಾಬಿಯನ್ನು ಕೊಲ್ಲುವುದು ಹೆಚ್ಚಾಗಿ ಟೊಂಗೆ ಒಣಗುವ ರೋಗ. ಕತ್ತರಿಸಿದ ತುದಿಯಿಂದ ಕಪ್ಪು ಬಣ್ಣ ಕೆಳಗಿಳಿಯುತ್ತ ಬರುತ್ತದೆ. ಕಪ್ಪಾದ ಭಾಗಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ, ಕೊಯ್ದ ಮುಖ ನೋಡಿ. ನಡುವಿನ ತಿರುಳು ಕಂದು ಬಣ್ಣದ್ದಿದ್ದರೆ ಇನ್ನೂ ಕೆಳಗೆ ಹೋಗಬೇಕು, ಬೆಳ್ಳಗಿರುವವರೆಗೂ. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಬೂಷ್ಟುನಾಶಕ ಪುಡಿಯನ್ನು ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ ಗಾಯಕ್ಕೆ ಹಚ್ಚಿ. ಪ್ರತಿ ಗಿಡಕ್ಕೂ ಮುನ್ನ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದಿದ್ದರೆ ರೋಗ ಹರಡುವವರು ನಾವೇ.

ಮಳೆಗಾಲದಲ್ಲಿ ಎಲೆಯ ಮೇಲೆ ಕಪ್ಪು ಚುಕ್ಕೆ, ಅದರ ಸುತ್ತ ಹಳದಿ, ಕೊನೆಗೆ ಎಲೆ ಉದುರಿ ಬೋಳು. ಈ ಬೂಷ್ಟು ಮೊಳೆಯಲು ಎಲೆ ಏಳೆಂಟು ಗಂಟೆ ಒದ್ದೆಯಿರಬೇಕು. ಸಂಜೆ ತಲೆಯ ಮೇಲೆ ನೀರು ಸುರಿಯುವವರ ಗಿಡಕ್ಕೆ ಅದು ತಪ್ಪದು. ನೀರು ಬೆಳಗ್ಗೆ, ಬುಡಕ್ಕೆ ಮಾತ್ರ. ಉದುರಿದ ಎಲೆಯನ್ನು ಕುಂಡದಲ್ಲೇ ಗೊಬ್ಬರವಾಗಲಿ ಎಂದು ಬಿಡಬೇಡಿ, ಆರಿಸಿ ಹೊರಗೆ ಹಾಕಿ. ಚಳಿಗಾಲದ ಬೂದಿರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಬಿಸಿಲು ಏರುವ ಮುನ್ನ. ಬೇಸಿಗೆಯ ಬಿರುಬಿಸಿಲಿನಲ್ಲಿ ಗಂಧಕ ಸಿಂಪಡಿಸಿದರೆ ಎಲೆ ಸುಡುತ್ತದೆ. ಫೆಬ್ರವರಿಯಿಂದ ಮೇವರೆಗೆ ಮೊಗ್ಗಿನ ಅಂಚು ಕಂದಾಗಿ ಅರಳದೆ ನಿಂತರೆ ಅದು ಥ್ರಿಪ್ಸ್ ಎಂಬ ಸಣ್ಣ ಕೀಟ. ಬಿಳಿ ಹಾಳೆಯ ಮೇಲೆ ಮೊಗ್ಗನ್ನು ತಟ್ಟಿದರೆ ಎಳ್ಳಿನ ಕಾಲುಭಾಗದಷ್ಟು ಸಣ್ಣ ಗೀಟುಗಳು ಓಡಾಡುತ್ತವೆ. ಅಂಥ ಮೊಗ್ಗನ್ನು ಕಿತ್ತು ಕವರಿನಲ್ಲಿ ಕಟ್ಟಿ ಬಿಸಾಡುವುದು ಯಾವ ಔಷಧಿಗಿಂತ ಮುಂಚಿನ ಕೆಲಸ.

ಇಷ್ಟೆಲ್ಲ ಓದಿ ಸುಸ್ತಾಗಿದ್ದರೆ ದಾಸವಾಳ ತನ್ನಿ. ಅದರಲ್ಲೂ ಐದೆಸಳಿನ ನಾಟಿ ಕೆಂಪು. ಮುದ್ದೆ ದಾಸವಾಳವೂ ಗಟ್ಟಿಯೇ. ತಟ್ಟೆಯಗಲದ, ಎರಡು ಮೂರು ಬಣ್ಣ ಬೆರೆತ ಹೈಬ್ರಿಡ್‌ಗಳು ನೋಡಲು ಚೆಂದ, ಆದರೆ ಹೂ ಕಡಿಮೆ, ಬೆಳವಣಿಗೆ ನಿಧಾನ, ಒಂದು ವಾರ ಮಣ್ಣು ಜೌಗಾಗಿದ್ದರೆ ಬುಡ ಕೊಳೆಯುತ್ತದೆ. ಮೊದಲ ಗಿಡವಾಗಿ ಅದು ಬೇಡ. ನಾಟಿಯನ್ನು ಕೊಳ್ಳುವುದೂ ಬೇಕಿಲ್ಲ. ಜೂನ್, ಜುಲೈನಲ್ಲಿ ಯಾರ ಮನೆಯ ಬೇಲಿಯಿಂದಲಾದರೂ ಪೆನ್ಸಿಲ್ ದಪ್ಪದ, ಆರೇಳು ಇಂಚಿನ ಕಡ್ಡಿ ಕೇಳಿ ತಂದು, ಎಲೆಯೆಲ್ಲ ತೆಗೆದು ಎರಡು ಕಣ್ಣು ಮಣ್ಣಿನೊಳಗಿರುವಂತೆ ನೆರಳಿನಲ್ಲಿ ನೆಟ್ಟರೆ ಒಂದೂವರೆ ತಿಂಗಳಿಗೆ ಬೇರು.

ದಾಸವಾಳದ ಹೂ ಹೊಸ ಚಿಗುರಿನಲ್ಲಿ ಬರುತ್ತದೆ. ಸವರದೆ ಬಿಟ್ಟ ಗಿಡ ಎತ್ತರಕ್ಕೆ ಹೋಗಿ ತುದಿಯಲ್ಲಿ ನಾಲ್ಕು ಹೂ ಬಿಡುತ್ತದೆ. ಸವರಿದರೆ ಒಂದು ಕೊಂಬೆ ಎರಡು ಮೂರಾಗುತ್ತದೆ, ಆದರೆ ಎರಡು ತಿಂಗಳಷ್ಟು ಹೂ ನಿಲ್ಲುತ್ತದೆ. ದಿನದ ಪೂಜೆಗೆ ಹೂ ತಪ್ಪಬಾರದು ಎನ್ನುವವರು ಒಮ್ಮೆಗೇ ಇಡೀ ಗಿಡ ಸವರದೆ, ಮೂರರಲ್ಲಿ ಒಂದು ಪಾಲು ಕೊಂಬೆಯನ್ನು ಈ ತಿಂಗಳು, ಇನ್ನೊಂದು ಪಾಲನ್ನು ಎರಡು ತಿಂಗಳು ಬಿಟ್ಟು ಸವರಲಿ.

ಇದರ ಶತ್ರು ಹಿಟ್ಟು ತಿಗಣೆ. ಚಿಗುರಿನ ಕಂಕುಳಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಕೂತು ರಸ ಹೀರುತ್ತದೆ, ತುದಿ ಮುರುಟಿ ಗೊಂಚಲಾಗುತ್ತದೆ. ಗಿಡದ ಮೇಲೆ ಇರುವೆ ಸಾಲು ಕಂಡರೆ ತಿಗಣೆ ಎಲ್ಲೋ ಇದೆ ಎಂದೇ ಅರ್ಥ, ಅದು ಬಿಡುವ ಅಂಟು ಸಿಹಿಗಾಗಿ ಇರುವೆ ಅದನ್ನು ಕಾಯುತ್ತದೆ. ಮುರುಟಿದ ತುದಿ ಕತ್ತರಿಸಿ ಕವರಿಗೆ ಹಾಕಿ ಕಟ್ಟಿ. ಉಳಿದದ್ದನ್ನು ಪೈಪಿನ ರಭಸದ ನೀರಿನಿಂದ ತೊಳೆದು, ಸಂಜೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ. ಒಂದೇ ಸಲ ಹೊಡೆದು ಕೈಬಿಟ್ಟರೆ ಮೊಟ್ಟೆಯಿಂದ ಬಂದ ಮರಿಗಳು ಹದಿನೈದು ದಿನಕ್ಕೆ ಮತ್ತೆ ಹಾಜರು. ತಲೆಗೂದಲಿಗೆ, ಕಷಾಯಕ್ಕೆ ಈ ಹೂ ಎಲೆ ಬಳಸುವ ಮನೆಯಲ್ಲಿ ಅಂಗಡಿಯ ಅಂತರ್ವ್ಯಾಪಿ (ಗಿಡದ ಒಳಗೆಲ್ಲ ಹರಡುವ) ಕೀಟನಾಶಕ ಮುಟ್ಟಲೇಬೇಡಿ.

ಮೊಗ್ಗು ಹಳದಿಯಾಗಿ ಉದುರುತ್ತಿದ್ದರೆ ಬಿದ್ದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸಣ್ಣ ಬಿಳಿ ಹುಳು ಇದ್ದರೆ ಅದು ನೊಣದ ಮರಿ. ಅವು ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಬಿದ್ದ ಮೊಗ್ಗನ್ನು ದಿನಾ ಆರಿಸಬೇಕು. ಹುಳು ಇಲ್ಲದಿದ್ದರೆ ತಪ್ಪು ನೀರಿನದು, ಎರಡು ದಿನ ಒಣಗಿಸಿ ಮೂರನೆಯ ದಿನ ತುಂಬಿಸಿದ್ದು.

ಮಲ್ಲಿಗೆಯೋ, ಸೇವಂತಿಗೆಯೋ

ಇವೆರಡೂ ಕಾಲದ ಹೂಗಳು. ಒಂದು ಬೇಸಿಗೆಯದು, ಒಂದು ಚಳಿಗಾಲದ್ದು. ಜಾಗ ಬಿಸಿಲು ಸಾಕಷ್ಟಿರುವ ತಾರಸಿಯಾದರೆ ಎರಡನ್ನೂ ಇಡಿ. ಒಂದೇ ಎಂದರೆ ಮೇಲೆ ಹೇಳಿದ ದಿಕ್ಕಿನ ಲೆಕ್ಕವೇ ತೀರ್ಮಾನ. ಅಷ್ಟೇ ಅಲ್ಲ, ಮಲ್ಲಿಗೆ ಒಮ್ಮೆ ನೆಟ್ಟರೆ ಹತ್ತು ವರ್ಷದ ಗಿಡ, ಸೇವಂತಿಗೆಯನ್ನು ವರ್ಷವರ್ಷ ಹೊಸದಾಗಿ ಕಟ್ಟಬೇಕು.

ಕರ್ನಾಟಕದ ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಉಡುಪಿಯ ಶಂಕರಪುರ ಸುತ್ತಮುತ್ತ ಇದು ಮನೆಯಂಗಳದ ಬೆಳೆ. 800 ಹೂವಿನದು ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಅಲ್ಲಿ ಮಾರುತ್ತಾರೆ. ಕುಂಡಕ್ಕೆ ಊರಿನ ಹೆಸರು ನೋಡಿ ತರುವುದಕ್ಕಿಂತ, ಸುಲಭವಾಗಿ ಸಿಗುವ ದುಂಡು ಮಲ್ಲಿಗೆ ಮೈದಾನದ ಊರುಗಳಿಗೆ ಸಾಕು. ಕುಂಡ 14 ಇಂಚಿಗಿಂತ ಚಿಕ್ಕದು ಬೇಡ.

ಮಲ್ಲಿಗೆ ಬೆಳೆಸುವವರ ಒಂದೇ ಗೋಳು: ಬಳ್ಳಿ ಹಬ್ಬಿದೆ, ಎಲೆ ಹಸಿರಾಗಿದೆ, ಹೂವಿಲ್ಲ. ಕಾರಣ ಮೂರು. ಬಿಸಿಲು ಸಾಲದು, ಸವರಿಲ್ಲ, ಸಾರಜನಕ ಹೆಚ್ಚಾಗಿದೆ. ಮಲ್ಲಿಗೆ ಹೂವೂ ಹೊಸ ಚಿಗುರಿನ ತುದಿಯಲ್ಲೇ ಬರುವುದು, ಹಳೆಯ ಬಳ್ಳಿಯಿಂದ ಏನೂ ಸಿಗದು. ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಹತ್ತು ದಿನ ನೀರು ಕಡಿಮೆ ಮಾಡಿ ಗಿಡಕ್ಕೆ ವಿಶ್ರಾಂತಿ ಕೊಡಿ. ಆಮೇಲೆ ಮಣ್ಣಿನಿಂದ ಒಂದೂವರೆ ಅಡಿ ಎತ್ತರಕ್ಕೆ ಇಡೀ ಗಿಡವನ್ನು ಸವರಿ, ಉಳಿದ ಎಲೆಯನ್ನೂ ಕಿತ್ತುಹಾಕಿ. ಬೋಳು ಕಡ್ಡಿ ನೋಡಿ ಹೆದರಬೇಡಿ. ಮೇಲಿನ ಎರಡು ಇಂಚು ಮಣ್ಣು ಕೆದಕಿ, ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಕಡಲೆಕಾಯಿ ಹಿಂಡಿ, ಅರ್ಧ ಹಿಡಿ ಬೇವಿನ ಹಿಂಡಿ ಸೇರಿಸಿ ಚೆನ್ನಾಗಿ ನೀರುಣಿಸಿ. ಮಾರ್ಚ್ ಹೊತ್ತಿಗೆ ಮೊದಲ ಮೊಗ್ಗು. ಪ್ರತಿ ಸುತ್ತು ಹೂ ಮುಗಿದ ಮೇಲೆ ಚಿಗುರಿನ ತುದಿಯಿಂದ ಎರಡು ಗೆಣ್ಣು ಚಿವುಟಿದರೆ ಜೂನ್‌ವರೆಗೆ ಸುತ್ತು ಸುತ್ತಾಗಿ ಬರುತ್ತದೆ. ಯೂರಿಯಾ ಹಾಕುವ ಚಪಲ ಬಿಡಿ, ಅದು ಎಲೆಯ ಗೊಬ್ಬರ.

ಮೊಗ್ಗಿಗೆ ತೂತು ಬಿದ್ದು, ಎರಡು ಮೂರು ಮೊಗ್ಗು ಎಳೆಯಿಂದ ಅಂಟಿಕೊಂಡಿದ್ದರೆ ಮೊಗ್ಗು ಕೊರೆಯುವ ಹುಳು. ಬೆಳಗ್ಗೆ ಕೈಯಲ್ಲೇ ಆರಿಸಿದರೆ ಮನೆಯ ಎರಡು ಗಿಡಕ್ಕೆ ಸಾಕು. ಎಲೆಯ ಮೇಲೆ ಬಿಳಿ ಮಕಮಲ್ಲಿನಂತೆ ರೋಮ ಎದ್ದರೆ ಅದು ಬೂಷ್ಟಲ್ಲ, ಕಣ್ಣಿಗೆ ಕಾಣದ ನುಸಿ. ಅಂಥ ಟೊಂಗೆ ತೆಗೆದು ಗಂಧಕ ಸಿಂಪಡಿಸಿ.

ಸೇವಂತಿಗೆಯದು ಬೇರೆಯದೇ ಸ್ವಭಾವ. ಅದು ರಾತ್ರಿಯ ಉದ್ದ ಅಳೆಯುವ ಗಿಡ. ಬೆಂಗಳೂರಿನಲ್ಲಿ ಜೂನ್‌ನಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್‌ನಲ್ಲಿ 11 ಗಂಟೆ 20 ನಿಮಿಷ. ರಾತ್ರಿ ಉದ್ದವಾಗುತ್ತ ಬಂದ ಹಾಗೆ ಗಿಡ ಎಲೆ ನಿಲ್ಲಿಸಿ ಮೊಗ್ಗಿಗೆ ತಿರುಗುತ್ತದೆ. ಹೂವನ್ನು ತಡಮಾಡಬೇಕಾದ ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬು ಉರಿಸುವುದು ಇದಕ್ಕೇ. ನಿಮ್ಮ ಗೇಟಿನ ದೀಪವೋ ಬೀದಿದೀಪವೋ ರಾತ್ರಿಯಿಡೀ ಕುಂಡದ ಮೇಲೆ ಬಿದ್ದರೆ ನೀವೂ ತಿಳಿಯದೆ ಅದನ್ನೇ ಮಾಡುತ್ತಿದ್ದೀರಿ. ಗಿಡದ ಒಂದು ಮಗ್ಗುಲು ಹೂ, ದೀಪದ ಕಡೆಯ ಮಗ್ಗುಲು ಬರೀ ಎಲೆ ಇದ್ದರೆ ಕುಂಡದ ಜಾಗ ಬದಲಾಯಿಸಿ.

ನರ್ಸರಿಯಲ್ಲಿ ನವೆಂಬರ್, ಡಿಸೆಂಬರ್‌ನಲ್ಲಿ ಸಿಗುವ ಗುಂಡಗಿನ ಕುಳ್ಳ ಸೇವಂತಿಗೆಗೆ ಬೆಳವಣಿಗೆ ತಗ್ಗಿಸುವ ರಾಸಾಯನಿಕ ಕೊಟ್ಟಿರುವುದು ಸಾಮಾನ್ಯ. ಮರುವರ್ಷ ಅದೇ ಗಿಡ ಎರಡು ಅಡಿ ಎದ್ದು ಬಾಗಿದರೆ ತಳಿ ಕೆಟ್ಟಿತೆಂದಲ್ಲ, ಔಷಧಿಯ ಪ್ರಭಾವ ಇಳಿದಿದೆ. ಕುಳ್ಳಗಿರಿಸುವ ನಮ್ಮ ಉಪಾಯ ಚಿವುಟುವುದು. ಹೂ ಮುಗಿದ ಮೇಲೆ ಗಿಡವನ್ನು ನಾಲ್ಕು ಇಂಚಿಗೆ ಕತ್ತರಿಸಿ, ಬುಡದಲ್ಲಿ ಬರುವ ಮರಿಗಳನ್ನು ಬೇಸಿಗೆಯಲ್ಲಿ ಅರೆನೆರಳಿನಲ್ಲಿ ಜೀವ ಹಿಡಿದಿರುವಷ್ಟು ನೀರು ಕೊಟ್ಟು ಕಾಪಾಡಿ. ಜೂನ್‌ನಲ್ಲಿ ಒಂದೊಂದೇ ಮರಿ ಬಿಡಿಸಿ, ಎಂಟು ಇಂಚಿನ ಕುಂಡಕ್ಕೆ ಒಂದರಂತೆ ನೆಡಿ. ಐದಾರು ಇಂಚು ಬೆಳೆದಾಗ ತುದಿ ಚಿವುಟಿ, ನಾಲ್ಕೈದು ಎಲೆ ಉಳಿಯಲಿ. ಹೊಸ ಕವಲುಗಳು ಮೂರು ನಾಲ್ಕು ಇಂಚಾದಾಗ ಮತ್ತೆ ಚಿವುಟಿ. ಆಗಸ್ಟ್ ಮುಗಿದ ಮೇಲೆ ಕೈ ಹಾಕಬೇಡಿ. ಸೆಪ್ಟೆಂಬರ್ ಕೊನೆಗೆ ಚಿವುಟಿದವರು ಮೊಗ್ಗನ್ನೇ ಚಿವುಟಿರುತ್ತಾರೆ. ಅರಳಿದ ಹೂ ಗಿಡದ ಮೇಲೆ ಮೂರು ವಾರ ನಿಲ್ಲುತ್ತದೆ, ಈ ಐದರಲ್ಲಿ ಅತಿ ಹೆಚ್ಚು.

ಸೇವಂತಿಗೆ ಸಾಯುವುದು ಬಾಯಾರಿಕೆಯಿಂದಲ್ಲ, ನೀರು ಹೆಚ್ಚಾಗಿ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆತಿದೆ, ಇನ್ನಷ್ಟು ನೀರು ಹಾಕಿದರೆ ಮುಗಿಯಿತು. ಕೆಳಗಿನ ಎಲೆಗಳಿಂದ ಶುರುವಾಗಿ ಕಪ್ಪು ಮಚ್ಚೆ ಮೇಲೇರುತ್ತಿದ್ದರೆ ಆ ಎಲೆಗಳನ್ನು ತೆಗೆದು, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸಿಂಪಡಿಸಿ. ಮೊಗ್ಗಿನ ಕುತ್ತಿಗೆಗೆ ಮುತ್ತುವ ಕಪ್ಪು ಹೇನಿಗೆ ದಾಸವಾಳಕ್ಕೆ ಹೇಳಿದ ಬೇವಿನೆಣ್ಣೆಯೇ ಸಾಕು.

ಡೇರೆ: ಊರು ನೋಡಿ ತಿಂಗಳು

ಮಲೆನಾಡಿನವರಿಗೆ ಡೇರೆ, ಬೆಂಗಳೂರಿನವರಿಗೆ ಡೇಲಿಯಾ. ಮೆಕ್ಸಿಕೋದಿಂದ ಬಂದ ಈ ಗೆಡ್ಡೆ ಹೂ ಸಾಗರ, ಶಿರಸಿ ಕಡೆಯ ಅಂಗಳದಲ್ಲಿ ಮಳೆಗಾಲದ್ದು: ಮುಂಗಾರು ಶುರುವಿಗೆ ಗೆಡ್ಡೆ ಊರಿ, ಶ್ರಾವಣ ಭಾದ್ರಪದಕ್ಕೆ ಹೂ. ಮೈದಾನದ ಊರುಗಳಲ್ಲಿ ಅದೇ ಕ್ರಮ ನಡೆಯದು. ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನೆಟ್ಟು ಚಳಿಗಾಲಕ್ಕೆ ಹೂ ತೆಗೆಯಬೇಕು. 35 ಡಿಗ್ರಿ ದಾಟುವ ಊರಿನಲ್ಲಿ ಬೇಸಿಗೆಗೆ ಇದನ್ನು ಬೆಳೆಸುವ ಹಟ ಬೇಡ.

ಗೆಡ್ಡೆ ಕೊಳ್ಳುವಾಗ, ನಂಟರಿಂದ ಇಸಿದುಕೊಳ್ಳುವಾಗಲೂ, ದಪ್ಪ ನೋಡಿ ಮೋಸಹೋಗಬೇಡಿ. ಡೇರೆಯ ಕಣ್ಣು ಗೆಡ್ಡೆಯ ಮೈಮೇಲೆ ಇರುವುದಿಲ್ಲ, ಹಳೆಯ ಕಾಂಡ ಸೇರುವ ಕುತ್ತಿಗೆಯಲ್ಲಿರುತ್ತದೆ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಕೊಳೆಯುತ್ತದೆ, ಮೊಳೆಯುವುದಿಲ್ಲ. ಗೆಡ್ಡೆಯನ್ನು ಅಡ್ಡಡ್ಡ ಮಲಗಿಸಿ ಮೂರು ನಾಲ್ಕು ಇಂಚು ಆಳಕ್ಕೆ ಊರಿ. ಮೊಳಕೆ ಮೇಲೆ ಬರುವವರೆಗೆ ನೀರು ಹನಿಸಿದಷ್ಟೇ. ಊರುಗೋಲನ್ನು ಗೆಡ್ಡೆಯ ಜೊತೆಗೇ ನೆಡಿ, ಆಮೇಲೆ ಚುಚ್ಚಿದರೆ ಗೆಡ್ಡೆಗೇ ತೂತು. ನಾಲ್ಕು ಜೋಡಿ ಎಲೆಯಾದಾಗ ತುದಿ ಚಿವುಟಿ. ಹೂ ದೊಡ್ಡದಾಗಬೇಕಿದ್ದರೆ ಮೂರು ಮೊಗ್ಗಿನ ಗೊಂಚಲಲ್ಲಿ ನಡುವಿನದನ್ನು ಉಳಿಸಿ ಅಕ್ಕಪಕ್ಕದವನ್ನು ಕಡಲೆಗಾತ್ರದಲ್ಲೇ ತೆಗೆಯಿರಿ. ಹೂ ಮುಗಿದು ಗಿಡ ಹಳದಿಯಾದ ಮೇಲೆ ಕಾಂಡದ ಆರು ಇಂಚು ಉಳಿಸಿ ಗೆಡ್ಡೆ ಕಿತ್ತು, ನೆರಳಲ್ಲಿ ಒಣಗಿಸಿ, ಒಣ ಮರಳಿನಲ್ಲೋ ಬೂದಿಯಲ್ಲೋ ಇಟ್ಟರೆ ಮುಂದಿನ ವರ್ಷಕ್ಕೆ.

ಈ ಐದೂ ಬೇಡ ಎನ್ನುವವರಿಗೆ ಎರಡು ಮಾತು. ಪಶ್ಚಿಮದ ಸುಡುಬಿಸಿಲು, ನೀರು ವಾರಕ್ಕೆರಡು ಸಲ ಎಂದಾದರೆ ಕಾಗದದ ಹೂ (ಬೊಗೆನ್‌ವಿಲಿಯಾ). ಮಣ್ಣು ಒಣಗಿದಷ್ಟೂ ಅದಕ್ಕೆ ಬಣ್ಣ ಜಾಸ್ತಿ. ದಿನಾ ನೀರೆರೆದರೆ ಬರೀ ಎಲೆ, ಮುಳ್ಳು. ಹಬ್ಬಕ್ಕೊಂದೇ ಹೂ ಸಾಕೆಂದರೆ ಚೆಂಡುಹೂ, ದೀಪಾವಳಿಗೆ 70 ದಿನ ಮುಂಚೆ ಬಿತ್ತಿ.

ಊರಿನ ಗಾಳಿ, ಮಣ್ಣು, ಬೋರಿನ ನೀರು

ಕರಾವಳಿಯ ಮಳೆಯಲ್ಲಿ ಗುಲಾಬಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪ್ಪು ಚುಕ್ಕೆಯೊಂದಿಗೆ ಒದ್ದಾಡುತ್ತದೆ. ಸೂರಿನಡಿ ಇಡುವ ಅನುಕೂಲವಿಲ್ಲದಿದ್ದರೆ ಅಲ್ಲಿ ಮಲ್ಲಿಗೆ, ದಾಸವಾಳವೇ ಜಾಣತನ. ಬೆಂಗಳೂರು, ಮೈಸೂರು, ಕೋಲಾರ, ಚಿಕ್ಕಮಗಳೂರಿನ ಹವೆ ಗುಲಾಬಿ, ಸೇವಂತಿಗೆ ಎರಡಕ್ಕೂ ಒಪ್ಪುತ್ತದೆ. ರಾಯಚೂರು, ಕಲಬುರಗಿಯಲ್ಲಿ ಮಲ್ಲಿಗೆ ಬೇಸಿಗೆಯನ್ನೇ ಬಯಸುತ್ತದೆ, ಗುಲಾಬಿಗಾದರೆ ಮಾರ್ಚ್‌ನಿಂದ ಮಧ್ಯಾಹ್ನದ ಹೊತ್ತು ಹಸಿರು ಬಲೆಯ ನೆರಳು ಬೇಕು. ಅಲ್ಲಿಯ ಎರೆಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ಒದ್ದೆಯಾದರೆ ಜೌಗು, ಒಣಗಿದರೆ ಬಿರುಕು, ಎರಡರಲ್ಲೂ ಬೇರಿಗೆ ಗಾಳಿಯಿಲ್ಲ.

ಎಲ್ಲಕ್ಕೂ ಹೊಂದುವ ಮಿಶ್ರಣ: ಕೆಂಪುಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ದಪ್ಪ ಮರಳು ಒಂದು ಪಾಲು, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಸೇವಂತಿಗೆಗೆ ಮರಳು ಇನ್ನರ್ಧ ಪಾಲು ಹೆಚ್ಚು. ತಾರಸಿಯ ಮೇಲಾದರೆ ಅರ್ಧ ಮಣ್ಣಿನ ಬದಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ. 12 ಇಂಚಿನ ಕುಂಡ ಬರೀ ಮಣ್ಣು ತುಂಬಿ ನೀರು ಕುಡಿದರೆ 20 ಕೆಜಿಗೂ ಮೇಲೆ ತೂಗುತ್ತದೆ, ಅಂಥ ಮೂವತ್ತು ಕುಂಡವನ್ನು ತಾರಸಿಯ ನಡುವೆ ಗುಂಪಾಗಿ ಇಡಬೇಡಿ, ಗೋಡೆ ಇಲ್ಲವೇ ತೊಲೆಯ ಮೇಲೆ ಬರುವಂತೆ ಸಾಲಾಗಿಡಿ. ಹಸಿ ಸಗಣಿ, ಹಸಿ ಅಡುಗೆಮನೆ ಕಸ ಕುಂಡಕ್ಕೆ ಬೇಡವೇ ಬೇಡ. ಕಳಿಯುವಾಗಿನ ಬಿಸಿಗೆ ಬೇರು ಸುಡುತ್ತದೆ, ಗೊಣ್ಣೆಹುಳು ಬೋನಸ್ಸು.

ನೀರು ಯಾವಾಗ ಎಂದು ಗಡಿಯಾರ ನೋಡದೆ ಬೆರಳು ಚುಚ್ಚಿ ನೋಡಿ. ಒಂದಿಂಚು ಒಣಗಿದ್ದರೆ ಅಡಿಯ ತೂತಿನಿಂದ ಹೊರಬರುವಷ್ಟು ಕೊಡಿ, ಇಲ್ಲದಿದ್ದರೆ ಬೇಡ. ದ್ರವ ಗೊಬ್ಬರಕ್ಕೆ 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಕುಂಡಕ್ಕೆ ಅರ್ಧ ಲೀಟರ್, ಹದಿನೈದು ದಿನಕ್ಕೊಮ್ಮೆ. ವಾಸನೆ ಬರುತ್ತದೆ, ಅಕ್ಕಪಕ್ಕದವರಿಗೆ ಹೇಳಿಟ್ಟಿರಿ. ಒಣ ಮಣ್ಣಿಗೆ ಯಾವ ಗೊಬ್ಬರವನ್ನೂ ಹಾಕಬೇಡಿ, ಮೊದಲು ನೀರು, ಆಮೇಲೆ ಗೊಬ್ಬರ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಇನ್ನೊಂದು ತೊಂದರೆ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಗಡಸು ನೀರಿನ ಸುಣ್ಣದಿಂದ ಮಣ್ಣು ಕ್ಷಾರವಾಗಿ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಲ್ಲಿಗೆ, ಗುಲಾಬಿಯಲ್ಲಿ ಇದು ಬೇಗ ತೋರುತ್ತದೆ. ಹಳೆಯ ಕೆಳಗಿನ ಎಲೆ ಇಡಿಯಾಗಿ ಹಳದಿಯಾದರೆ ಅದು ಬೇರೆ, ಸಾರಜನಕದ ಕೊರತೆಯೋ ನೀರು ನಿಂತದ್ದೋ. ಕಬ್ಬಿಣದ ಕೊರತೆಗೆ ಫೆರಸ್ ಸಲ್ಫೇಟ್ ಲೀಟರಿಗೆ 3 ಗ್ರಾಂ, ಅರ್ಧ ನಿಂಬೆಹಣ್ಣಿನ ರಸ ಹಿಂಡಿ, ಕಲಸಿದ ಕೂಡಲೇ ಸಂಜೆ ಎಲೆಗೆ ಸಿಂಪಡಿಸಿ. ಹದಿನೈದು ದಿನದ ಅಂತರದಲ್ಲಿ ಎರಡು ಸಲ. ದ್ರಾವಣ ಇಟ್ಟು ಕಂದು ಬಣ್ಣಕ್ಕೆ ತಿರುಗಿದರೆ ಪ್ರಯೋಜನವಿಲ್ಲ. ನೆಲದ ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಕುಂಡವನ್ನು ಮೊದಲೇ ಸರಿಸಿಕೊಳ್ಳಿ. ಮಳೆಗಾಲದಲ್ಲಿ ತಾರಸಿಯ ನೀರು ಎರಡು ಡ್ರಮ್ ಹಿಡಿದಿಟ್ಟು ವಾರಕ್ಕೊಮ್ಮೆ ಕೊಟ್ಟರೂ ಸುಣ್ಣ ತೊಳೆದುಹೋಗುತ್ತದೆ.

ಕೊಳ್ಳುವ ತಿಂಗಳೂ ಮುಖ್ಯ. ಗುಲಾಬಿ ಅಕ್ಟೋಬರ್‌ನಿಂದ ಡಿಸೆಂಬರ್, ಮಲ್ಲಿಗೆ ಮತ್ತು ದಾಸವಾಳ ಜೂನ್‌ನಿಂದ ಆಗಸ್ಟ್. ಸೇವಂತಿಗೆಯನ್ನು ಹೂ ಬಿಟ್ಟಾಗ ಕೊಂಡರೂ ಅದು ಮುಂದಿನ ವರ್ಷದ ಮರಿಗಳಿಗಾಗಿ ಎಂದುಕೊಳ್ಳಿ. ತಂದ ದಿನವೇ ಕುಂಡ ಬದಲಾಯಿಸಬೇಡಿ, ವಾರವೊಪ್ಪತ್ತು ಅರೆನೆರಳಿನಲ್ಲಿ, ಹಳೆಯ ಗಿಡಗಳಿಂದ ದೂರ ಇಡಿ. ತಿಗಣೆ, ನುಸಿ ಇದ್ದರೆ ಆ ಒಂದು ವಾರದಲ್ಲೇ ಗೊತ್ತಾಗುತ್ತದೆ. ಆಮೇಲೆ ಕವರು ಕತ್ತರಿಸಿ ಬೇರಿನ ಉಂಡೆ ಕೈಗೆತ್ತಿಕೊಳ್ಳಿ. ಗುಲಾಬಿಯ ಉಂಡೆ ಕಲ್ಲಿನಂತೆ ಗಟ್ಟಿಯಾದ ಜೇಡಿಯಾಗಿದ್ದರೆ ಅದನ್ನು ಹಾಗೇ ಹೊಸ ಮಣ್ಣಿನೊಳಗೆ ಇಡಬೇಡಿ, ನೀರು ಸುತ್ತಲಿನ ಸಡಿಲ ಮಣ್ಣಿನಲ್ಲೇ ಹರಿದುಹೋಗಿ ಉಂಡೆಯ ಒಳಗಿನ ಬೇರು ಒಣಗುತ್ತದೆ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಜೇಡಿಯನ್ನು ಬೆರಳಿನಿಂದ ಮೆತ್ತಗೆ ಬಿಡಿಸಿ, ಬಿಳಿ ಬೇರು ಹೊರಗೆ ಕಂಡ ಮೇಲೆ ನೆಡಿ.